ಪ್ರೆಸ್ಸಿಗೆ ಹಾಕಿದ ಟೋಸ್ಟು

ಬೈಂಡಿಂಗ್ ಅಂಗಡಿಯ ಮಹಡಿ ಮನೆ,
ಸೋಮವಾರ, ಹದಿನಾಲ್ಕನೆಯ ತಾರೀಖು, ಬೆಳಗಿನ ಕಾಫಿ ಆದ ಮೇಲೆ.

ಪ್ರೀತಿಯ ಪುಟ್ಟೀ,

ಮೊದಲು ನಿನ್ನ ಮೊಣಕೈ ನೋವು ಹೇಗಿದೆ ಹೇಳು. ಅತ್ತಿಗೆಗೆ ಬರೆದ ಕಾಗದದಲ್ಲಿ ‘ಪರವಾಗಿಲ್ಲ’ ಎಂದು ಬರೆದಿದ್ದೀಯ. ಚಿಕ್ಕಂದಿನಿಂದಲೂ ನೀನು ಪರವಾಗಿಲ್ಲ ಎಂದರೆ ತುಂಬ ನೋಯುತ್ತಿದೆ ಎಂದೇ ಅರ್ಥ. ಇಪ್ಪತ್ತೆರಡು ವರ್ಷ ಪುಸ್ತಕ ಹೊಲಿಯುತ್ತ ಸೂಜಿ ಎಳೆದ ಕೈ ಅದು, ಈಗ ಚಾಕು ಹಿಡಿದಿದೆ. ದಿನಕ್ಕೊಮ್ಮೆಯಾದರೂ ಬಿಸಿನೀರಿನ ಶಾಖ ಕೊಡು. ನನಗೇನೂ ಆಗಿಲ್ಲ, ಗುಂಡುಕಲ್ಲಿನ ಹಾಗಿದ್ದೇನೆ. ನಿನ್ನ ಅತ್ತಿಗೆ ಮಾತ್ರ ಹತ್ತು ದಿನದ ಹಿಂದೆ ಮೆಟ್ಟಿಲಲ್ಲಿ ಜಾರಿ ಬಲಗೈ ಮಣಿಕಟ್ಟು ಉಳುಕಿಸಿಕೊಂಡಳು. ಡಾಕ್ಟರು ಕೈಗೆ ಪಟ್ಟಿ ಕಟ್ಟಿದ್ದಾರೆ, ಬಾಯಿಗೆ ಕಟ್ಟಿಲ್ಲ. ಹಾಗಾಗಿ ಮನೆ ಎಂದಿನಂತೆಯೇ ನಡೆದಿದೆ.

ಎಂಟು ತಿಂಗಳಿಂದ ನಿನ್ನ ಕಾಗದಗಳಿಗೆಲ್ಲ ಅವಳೇ ಉತ್ತರ ಬರೆಯುತ್ತಿದ್ದಳು. ಕೊನೆಗೆ ‘ನಿಮ್ಮಣ್ಣನೂ ಕೇಳಿದೆ ಅಂತ ಹೇಳಿದ್ದಾರೆ’ ಎಂದು ಒಂದು ಸಾಲು ಸೇರಿಸುತ್ತಿದ್ದಳಂತೆ. ಅದು ಸುಳ್ಳು, ನಾನು ಹಾಗೆ ಹೇಳಿರಲಿಲ್ಲ. ನೀನು ಗೆಳತಿಯ ಜೊತೆ ಸೇರಿ ಆ ಊರಲ್ಲಿ ಅಂಗಡಿ ತೆರೆಯುತ್ತೇನೆ, ನಾಲ್ಕು ಜನ ಸೇರುವ ಕಡೆಗೆಲ್ಲ ತಟ್ಟೆಗಟ್ಟಲೆ ಟೋಸ್ಟು ಮಾಡಿಕೊಡುತ್ತೇನೆ ಎಂದು ಹೊರಟ ದಿನ ಬಾಗಿಲಲ್ಲಿ ನಿಂತು ನಾನು ಒಂದು ಮಾತು ಅಂದೆನಲ್ಲ, ಅದಾದ ಮೇಲೆ ನಿನಗೆ ಏನು ಬರೆಯುವುದೆಂದು ತೋಚಲಿಲ್ಲ. ‘ನಾನು ಮಾಡೋದು ನೂರು ವರ್ಷ ಇರತ್ತೆ. ನೀನು ಮಾಡೋಕೆ ಹೊರಟಿರೋದು ಹತ್ತು ನಿಮಿಷ ಇರಲ್ಲ.’ ನೀನು ಹೊಲಿಯುವಾಗ ಬೆರಳಿಗೆ ಹಾಕುವ ತಗಡಿನ ಟೋಪಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದೆ. ಬೈದು ಹೋಗಿದ್ದರೆ ಚೆನ್ನಾಗಿತ್ತು, ಮಾರನೆಯ ದಿನವೇ ರಾಜಿಯಾಗುತ್ತಿದ್ದೆವು. ಈಗಲೂ ಅತ್ತಿಗೆಯ ಕೈ ಉಳುಕಿದೆ ಎಂದು ನಾನು ಬರೆಯಲು ಕೂತಿದ್ದೇನೆ ಎಂದುಕೊಳ್ಳಬೇಡ. ಅವಳು ಎಡಗೈಯಲ್ಲಿ ಬರೆದರೂ ನನಗಿಂತ ಚೆನ್ನಾಗಿ ಬರೆಯುತ್ತಾಳೆ. ನಿನ್ನೆ ನಡೆದದ್ದನ್ನು ನಾನೇ ಹೇಳಬೇಕು ಅನ್ನಿಸಿತು.

ನೀನು ಇದ್ದಾಗ ಶುರುವಾದ ಗ್ರಂಥಾಲಯದ ಮುನ್ನೂರು ಹಳೆಯ ಪುಸ್ತಕಗಳ ಕೆಲಸ ಮುಗಿಯುತ್ತ ಬಂತು. ಇನ್ನೂರ ತೊಂಬತ್ತೊಂಬತ್ತು ಕೊಟ್ಟಾಗಿದೆ. ಆ ಖುಷಿಗೆ ಒಂದು ಸಂಜೆ ಎಲ್ಲರನ್ನೂ ಕರೆಯೋಣ ಎಂದು ನಿನ್ನ ಅತ್ತಿಗೆ ಹೊರಟಳು. ಗ್ರಂಥಾಲಯದ ಅಮ್ಮ, ಅವರ ಜೊತೆಯವರು, ಕಾಗದದಂಗಡಿಯವರು, ಕರಡು ತಿದ್ದುವ ಅಜ್ಜ, ಎಲ್ಲ ಸೇರಿ ಇಪ್ಪತ್ತು ಜನ. ತಿನ್ನಲು ಏನು ಎಂದು ನಿನಗೆ ಬರೆದು ಕೇಳಿದಳು, ನೀನು ಚೀಸ್ ಮತ್ತು ಹಣ್ಣಿನ ಟೋಸ್ಟ್ ಮಾಡುವ ಬಗೆಯನ್ನು ಒಂದು ಕಾರ್ಡಿನಲ್ಲಿ ಬರೆದು ಕಳಿಸಿದೆ. ಕಾರ್ಡು ಬಂದ ಮೂರನೆಯ ದಿನ ಅವಳು ಮೆಟ್ಟಿಲಿನಿಂದ ಜಾರಿದಳು. ಸಂಜೆ ಕೂಟ ಬೇಡ ಎಂದುಬಿಡೋಣ ಎಂದಳು. ನಾನು ಮೀಸೆ ತಿರುವಿ, ಇಷ್ಟಕ್ಕೆಲ್ಲ ಬೇಡ ಅನ್ನುವುದೇನು, ಬ್ರೆಡ್ಡಿನ ಮೇಲೆ ಚೀಸ್ ಹಚ್ಚುವುದು ತಾನೇ, ನಾನೇ ಮಾಡುತ್ತೇನೆ ಎಂದೆ. ಅವಳು ನನ್ನನ್ನು ಒಂದು ಥರ ನೋಡಿ ಕಾರ್ಡನ್ನು ನನ್ನ ಕೈಗಿಟ್ಟಳು. ಆ ನೋಟ ಕಂಡಾಗಲೇ ನಾನು ಹುಷಾರಾಗಬೇಕಿತ್ತು.

ಶನಿವಾರ ಮಧ್ಯಾಹ್ನ ಅವಳು ಪಟ್ಟಿ ಬದಲಿಸಿಕೊಳ್ಳಲು ಡಾಕ್ಟರ ಬಳಿ ಹೋದಾಗ ನಾನು ಕೆಲಸ ಶುರು ಮಾಡಿದೆ. ಉದ್ದನೆಯ ಬ್ರೆಡ್ಡನ್ನು ಓರೆಯಾಗಿ, ಬೆರಳು ದಪ್ಪಕ್ಕೆ ಕತ್ತರಿಸಬೇಕು ಎಂದು ನೀನು ಕಾರ್ಡಿನಲ್ಲಿ ಬರೆದಿದ್ದೆ. ಸ್ಟೀಲಿನ ಅಳತೆಪಟ್ಟಿ ಇಟ್ಟು ಕತ್ತರಿಸಿದೆ. ಅರವತ್ತು ಹೋಳು, ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಕಾವಲಿಯ ಮೇಲೆ ಸ್ವಲ್ಪ ಬೆಣ್ಣೆ ಹಾಕಿ ಎರಡೂ ಬದಿ ಹೊಂಬಣ್ಣಕ್ಕೆ ಕಾಯಿಸಿದೆ. ಸೇಬನ್ನು ತೆಳ್ಳಗೆ ಹೆಚ್ಚಿ, ಕಪ್ಪಾಗದಂತೆ ನಿಂಬೆರಸ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆದು ಒರೆಸಿದೆ. ಇಲ್ಲಿಯವರೆಗೆ ನೀನೇ ನೋಡಿದ್ದರೂ ಭೇಷ್ ಅನ್ನುತ್ತಿದ್ದೆ. ಆಮೇಲೆ ನೋಡುತ್ತೇನೆ, ಆರಿದ ಟೋಸ್ಟುಗಳ ಅಂಚು ಮೆಲ್ಲಗೆ ಮೇಲೇಳುತ್ತಿದೆ. ನಿನಗೆ ಗೊತ್ತು, ಸೊಟ್ಟಗಾದ ರಟ್ಟು ಕಂಡರೆ ನಮ್ಮ ಕೈ ಸುಮ್ಮನಿರುವುದಿಲ್ಲ. ಅಂಟು ಹಚ್ಚಿದ್ದು ಯಾವುದೇ ಆಗಲಿ, ಪ್ರೆಸ್ಸಿನಲ್ಲಿಟ್ಟು ಒಣಗಿಸಿದರೆ ಮಾತ್ರ ನೆಟ್ಟಗಿರುತ್ತದೆ ಎಂದು ಅಪ್ಪ ನಮ್ಮಿಬ್ಬರ ತಲೆಗೆ ತುಂಬಿದ್ದರಲ್ಲ. ಮೆತ್ತನೆಯ ಚೀಸನ್ನು ಅಂಟು ಹಚ್ಚುವ ಹಾಗೆ ನಡುವಿನಿಂದ ಅಂಚಿಗೆ ಎಳೆದು ಸಮನಾಗಿ ಬಳಿದೆ. ಮೇಲೆ ಸೇಬಿನ ಹೋಳು, ಅರ್ಧ ದ್ರಾಕ್ಷಿ ಇಟ್ಟೆ. ಒಂದೊಂದು ಸಾಲಿನ ಮೇಲೂ ಮೇಣದ ಕಾಗದ ಹಾಸಿ, ರಟ್ಟು ಇಟ್ಟು, ಎಲ್ಲವನ್ನೂ ಕೆಳಗೆ ಅಂಗಡಿಗೆ ಹೊತ್ತುಕೊಂಡು ಹೋಗಿ ಪುಸ್ತಕ ಒತ್ತುವ ದೊಡ್ಡ ಪ್ರೆಸ್ಸಿನಲ್ಲಿಟ್ಟು ತಿರುಪನ್ನು ಎರಡೇ ಸುತ್ತು ತಿರುಗಿಸಿದೆ. ಹಗುರವಾಗಿಯೇ ತಿರುಗಿಸಿದೆ, ತಿನ್ನುವ ಪದಾರ್ಥ ನೋಡು.

ಭಾನುವಾರ ಬೆಳಿಗ್ಗೆ ಜಂಬದಿಂದ ನಿನ್ನ ಅತ್ತಿಗೆಯನ್ನೂ ಕರೆದುಕೊಂಡು ಹೋಗಿ ಪ್ರೆಸ್ಸು ಸಡಿಲಿಸಿದೆ. ಅಷ್ಟು ಸಮತಟ್ಟಾದ ಕೆಲಸವನ್ನು ನಾನು ಇತ್ತೀಚೆಗೆ ಮಾಡಿರಲಿಲ್ಲ. ಚೀಸೆಲ್ಲ ಬ್ರೆಡ್ಡಿನೊಳಗೆ ಇಳಿದಿತ್ತು, ದ್ರಾಕ್ಷಿ ಕಾಗದಕ್ಕೆ ಚಿತ್ರದ ಹಾಗೆ ಅಂಟಿಕೊಂಡಿತ್ತು, ಗರಿಗರಿ ಅನ್ನುವುದು ಹೆಸರಿಗೂ ಇರಲಿಲ್ಲ. ನಿನ್ನ ಅತ್ತಿಗೆ ಒಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ‘ಬೈಂಡಿಂಗ್ ಏನೋ ಚೆನ್ನಾಗಿ ಬಂದಿದೆ ರೀ, ಓದೋರು ಯಾರು?’ ಎಂದಳು. ಅಲ್ಲೇ ಸ್ಟೂಲಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ, ಕಾರ್ಡಿನ ಹಿಂದೆ ಏನು ಬರೆದಿದೆ ಓದಿದಿರಾ ಎಂದು ಕೇಳಿದಳು. ನಲವತ್ತು ವರ್ಷ ಹಾಳೆ ಮಗುಚಿ ಹೊಟ್ಟೆ ಹೊರೆದವನು ಈ ಒಂದು ಕಾರ್ಡನ್ನು ಮಗುಚಿರಲಿಲ್ಲ. ಹಿಂದೆ ನಿನ್ನ ಕೈಬರಹದಲ್ಲಿ ಹೀಗಿತ್ತು: ‘ಅತ್ತಿಗೆ, ಟೋಸ್ಟ್ ಸ್ವಲ್ಪ ಸೊಟ್ಟಗಾಗತ್ತೆ, ಆಗಲಿ ಬಿಡಿ. ಜನ ಬಂದ ಮೇಲೆ ಜೋಡಿಸಿ, ಮೊದಲೇ ಬೇಡ. ಅಣ್ಣ ಏನಾದ್ರೂ ಕೈ ಹಾಕಿದ್ರೆ ಯಾವುದನ್ನೂ ಒತ್ತೋಕೆ ಬಿಡಬೇಡಿ.’ ಓದಿ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ಎಂಟು ತಿಂಗಳು ನಾನು ಒಂದು ಸಾಲು ಬರೆಯದಿದ್ದರೂ ನೀನು ನನ್ನ ಕೈ ಎಲ್ಲಿ ಹೋಗುತ್ತದೆ ಎಂದು ಕೂತಲ್ಲಿಂದಲೇ ಲೆಕ್ಕ ಹಾಕಿದ್ದೆಯಲ್ಲ ಅನ್ನಿಸಿತು.

ಬೇಕರಿಗೆ ಓಡಿ ಮತ್ತೆ ಬ್ರೆಡ್ಡು ತಂದೆ. ಈ ಸಲ ಅಳತೆಪಟ್ಟಿ ಮುಟ್ಟಲಿಲ್ಲ. ಕಾಯಿಸಿ, ತಂತಿಯ ಜಾಲರಿಯ ಮೇಲೆ ಆರಲು ಬಿಟ್ಟು, ಸೊಟ್ಟಗಾಗುವುದನ್ನು ಕೈಕಟ್ಟಿಕೊಂಡು ನೋಡಿದೆ. ಅದೇ ಎಲ್ಲಕ್ಕಿಂತ ಕಷ್ಟದ ಕೆಲಸ ಪುಟ್ಟೀ. ಐದು ಗಂಟೆಗೆ ಜನ ಬಂದು ಅಂಗಡಿಯ ಉದ್ದ ಮೇಜಿನ ಸುತ್ತ ನಿಂತ ಮೇಲೆ, ಅವರೆದುರಿಗೇ ಜೋಡಿಸಲು ತೊಡಗಿದೆ. ಚೀಸ್ ಹಚ್ಚಿ, ಸೇಬು ಇಟ್ಟು, ಒಂದು ಚೂರು ಅಕ್ರೋಟು, ಎರಡು ಹನಿ ಜೇನು, ಚಿಟಿಕೆ ಕಾಳುಮೆಣಸಿನ ಪುಡಿ. ಕೆಲವಕ್ಕೆ ಸೇಬಿನ ಬದಲು ಅಂಜೂರ. ಬೆಳ್ಳಗಿನ ಚೀಸಿನ ಮೇಲೆ ಕೆಂಪು ಅಂಚಿನ ಸೇಬು ಕೂತಾಗ ಎಷ್ಟು ಅಂದವಾಗಿ ಕಾಣುತ್ತದೆ ಎಂದರೆ, ನಾನೇ ಕೈ ತಡೆದು ಒಂದು ಕ್ಷಣ ನೋಡಿದೆ. ಆದರೆ ಯಾರೂ ನೋಡಲು ಬಿಡಲಿಲ್ಲ. ನಾನು ತಟ್ಟೆಯಲ್ಲಿ ಇಡುವುದಕ್ಕೂ ಅದು ಮಾಯವಾಗುವುದಕ್ಕೂ ಸರಿಹೋಗುತ್ತಿತ್ತು. ಗ್ರಂಥಾಲಯದ ಅಮ್ಮ ಗೊತ್ತಲ್ಲ, ದಾರದ ಬಣ್ಣಕ್ಕಾಗಿ ನನ್ನೊಡನೆ ಹದಿನೈದು ವರ್ಷದಿಂದ ಜಗಳವಾಡಿಕೊಂಡು ಬಂದವರು, ಒಂದು ದಿನವೂ ಕೌಂಟರಿನಿಂದ ಈಚೆ ಬಂದು ಕೂತವರಲ್ಲ. ಅವರು ನಾಲ್ಕು ತಿಂದು, ಕಣ್ಣು ಮುಚ್ಚಿ, ಐದನೆಯದಕ್ಕೆ ಕೈ ಚಾಚಿದರು. ನನ್ನ ಪುಸ್ತಕಗಳನ್ನು ಜನ ಮನೆಗೆ ಒಯ್ಯುತ್ತಾರೆ, ಅದನ್ನು ಬಿಡಿಸುವಾಗ ಅವರ ಮುಖ ಹೇಗಿರುತ್ತದೋ ನಾನು ಒಂದು ದಿನವೂ ಕಂಡಿಲ್ಲ. ನಿನ್ನೆ ಇಪ್ಪತ್ತು ಮುಖ ಕಂಡೆ. ನೀನು ದಿನಾ ಇದನ್ನು ಕಾಣುತ್ತೀಯಲ್ಲ ಎಂದು ಹೊಟ್ಟೆಕಿಚ್ಚಾಯಿತು, ಸಂತೋಷವೂ ಆಯಿತು.

ಪ್ರೆಸ್ಸಿನ ಟೋಸ್ಟುಗಳೂ ದಂಡವಾಗಲಿಲ್ಲ. ಕರಡು ತಿದ್ದುವ ಅಜ್ಜನದು ಕಟ್ಟಿಸಿದ ಹಲ್ಲು, ಗರಿಗರಿಯದನ್ನು ಕಚ್ಚಲಾಗದೆ ಮುಖ ಸಣ್ಣದು ಮಾಡಿಕೊಂಡು ಕೂತಿದ್ದರು. ನಿನ್ನ ಅತ್ತಿಗೆ ಒಳಗಿನಿಂದ ಆ ಮೆತ್ತನೆಯ ತಟ್ಟೆಯನ್ನು ತಂದು ಅವರ ಮುಂದಿಟ್ಟಳು. ಏಳು ತಿಂದರು. ಇದನ್ನು ಕಂಡುಹಿಡಿದವರು ಯಾರೋ ಬುದ್ಧಿವಂತರು ಎಂದರು. ನಾನೂ ಗಂಭೀರವಾಗಿ ತಲೆಯಾಡಿಸಿದೆ. ನಿನ್ನ ಅಂಗಡಿಗೆ ಹಲ್ಲಿಲ್ಲದ ಗಿರಾಕಿಗಳು ಬಂದರೆ ಹೇಳು, ಪ್ರೆಸ್ಸು ಇಲ್ಲಿ ಖಾಲಿ ಇದೆ.

ಎಲ್ಲರೂ ಹೊರಡುವ ಹೊತ್ತಿಗೆ ಗ್ರಂಥಾಲಯದ ಅಮ್ಮ ನಿನ್ನ ಹೊಲಿಗೆ ಚೌಕಟ್ಟಿನ ಮುಂದೆ ನಿಂತರು. ಮುನ್ನೂರನೆಯ ಪುಸ್ತಕ, ನೀನು ಅರ್ಧ ಹೊಲಿದು ಬಿಟ್ಟುಹೋದದ್ದು, ಹಾಗೆಯೇ ಅದರ ಮೇಲಿತ್ತು, ದಾರ ಇಳಿಬಿದ್ದಿತ್ತು. ಎಂಟು ತಿಂಗಳಿಂದ ಅವರು ಅದನ್ನು ಕೇಳಿದಾಗೆಲ್ಲ ದಾರ ಬಂದಿಲ್ಲ ಎನ್ನುತ್ತಿದ್ದೆ. ನಿನ್ನನ್ನು ಕೇಳಿದಾಗೆಲ್ಲ, ಮೈ ಸರಿಯಿಲ್ಲ, ಇಂದೋ ನಾಳೆಯೋ ಬರುತ್ತಾಳೆ ಎನ್ನುತ್ತಿದ್ದೆ. ನಿನ್ನೆಯೂ ಕೇಳಿದರು. ಬಾಯಿಗೆ ಅದೇ ಸುಳ್ಳು ಬಂದಿತ್ತು, ಆದರೆ ಕೈಯಲ್ಲಿ ಚೀಸಿನ ಚಾಕು ಇತ್ತು. ‘ಅವಳು ಬರಲ್ಲ ಅಮ್ಮ. ನೀವು ಈಗ ತಿಂದಿರಲ್ಲ, ಅದು ಅವಳ ಕಸುಬು’ ಎಂದೆ. ನಿನ್ನ ಅತ್ತಿಗೆ ತಟ್ಟೆ ಒರೆಸುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು. ಹೇಳಿ ಮುಗಿಸಿದ ಮೇಲೆ ಎದೆ ಎಷ್ಟೋ ಹಗುರವಾಯಿತು.

ಹೊಟ್ಟೆ ತುಂಬ ಉಣ್ಣು, ಊರಿಗೆಲ್ಲ ತಿನ್ನಿಸಿ ನೀನು ಹಸಿದಿರಬೇಡ. ನಿನ್ನ ಗೆಳತಿಗೆ ನನ್ನ ನೆನಕೆಗಳು. ಅವಳ ಮೇಲೆ ಇದ್ದ ಮುನಿಸನ್ನೂ ಬಿಟ್ಟಿದ್ದೇನೆ ಎಂದು ತಿಳಿಸು. ಅತ್ತಿಗೆ ಎಡಗೈಯಿಂದಲೇ ನಿನ್ನ ತಲೆ ಸವರಿದ್ದಾಳೆ. ಕೈಗೆ ಬಲ ಬರಲಿ, ಅಂಗಡಿ ತುಂಬಿ ತುಳುಕಲಿ ಎಂಬ ಆಶೀರ್ವಾದಗಳೊಂದಿಗೆ,

ನಿನ್ನ ಅಣ್ಣ

ಒಂದು ಮಾತು ಮರೆತಿದ್ದೆ. ಅಂಚೆಯವನು ಕೆಳಗೆ ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಮುನ್ನೂರನೆಯ ಪುಸ್ತಕವನ್ನು ಇಂದು ಬೆಳಿಗ್ಗೆ ನಾನೇ ಹೊಲಿದು ಚೌಕಟ್ಟಿನಿಂದ ಇಳಿಸಿದೆ. ನಿನ್ನ ಹೊಲಿಗೆ ಎಲ್ಲಿ ಮುಗಿದು ನನ್ನದು ಎಲ್ಲಿ ಶುರುವಾಗಿದೆ ಎಂದು ಕಣ್ಣಿದ್ದವರಿಗೆಲ್ಲ ಕಾಣುತ್ತದೆ, ಕಾಣಲಿ. ಆ ದಿನ ಬಾಗಿಲಲ್ಲಿ ನಾನು ಅಂದದ್ದು ತಪ್ಪು ಪುಟ್ಟೀ, ಮನಸ್ಸಿನಿಂದ ತೆಗೆದುಹಾಕು. ಗುರುವಾರ ಹತ್ತು ಗಂಟೆಯ ಬಸ್ಸಿಗೆ ನಾವಿಬ್ಬರೂ ನಿನ್ನ ಅಂಗಡಿಗೆ ಬರುತ್ತಿದ್ದೇವೆ. ಗಿರಾಕಿಗಳ ಸಾಲಿನಲ್ಲೇ ನಿಲ್ಲುತ್ತೇನೆ, ಅಣ್ಣನೆಂದು ಮುಂದೆ ಕರೆಯಬೇಡ. ಟೋಸ್ಟು ಕಾಯಿಸಿಟ್ಟಿರು, ಆದರೆ ನಾನು ಬಂದ ಮೇಲೆ ಜೋಡಿಸು.