ಆ ಕರಿ ಬಿಲ್ಲೆ ಇಟ್ಟವನು ನೀನು

ಅನ್ವರ್,

ಕಾರ್ಖಾನೆಯಲ್ಲಿ ನಿನ್ನನ್ನು ‘ಸೀ ಅನ್ವರ್’ ಎನ್ನಬೇಕು. ಕಾಗದದಲ್ಲಿ ಆ ಮರ್ಯಾದೆ ಕೊಡಲು ನನಗೆ ಕೈ ಬರುತ್ತಿಲ್ಲ. ನಾನು ಹಮ್ಮಾದಿ, ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು, ಗೋಡೆ ಬದಿಯಲ್ಲಿ ಕೂತು ಬಣ್ಣದ ಹೆಂಚನ್ನು ಬಿಲ್ಲೆಗಳಾಗಿ ಕತ್ತರಿಸುವವನು. ಹೋದ ತಿಂಗಳು ನೀನು ಎಲ್ಲರಿಗೂ ಚೀಟಿ ಹಂಚಿದೆ: ‘ನಿಮ್ಮ ಹುಮ್ಮಸ್ಸು ಮರಳಿ ಬರಲು ಏನು ಬೇಕು?’ ನಾನು ಖಾಲಿ ಚೀಟಿ ಕೊಟ್ಟೆ. ಉತ್ತರ ಇವತ್ತು ಬರೆಯುತ್ತಿದ್ದೇನೆ.

ನಮ್ಮ ಯಜಮಾನ ಹಾಜಿ ತುಹಾಮಿಯವರ ಅಳಿಯನಾಗಿ ಫೆಸ್ ಊರಿಗೆ ಬಂದು, ಮಾವನ ಕುರ್ಚಿಯಲ್ಲಿ ಕೂತ ಮೊದಲ ವಾರವೇ ಮಾಲೆಮ್ ಅಲ್ಲಾಲರನ್ನು ಮನೆಗೆ ಕಳಿಸಿದೆ. ನಮಗೆಲ್ಲ ಕೆಲಸ ಕಲಿಸಿದ ಗುರು ಅವರು. “ಈ ಮುದುಕ ದಿನಾ ಚಹಾ ಕುಡ್ಕೊಂಡು ಕೂತಿರ್ತಾನೆ. ಇವನಿಗ್ಯಾಕೆ ಸಂಬಳ?” ಎಂದೆ, ಅವರಿಗೆ ಕೇಳಿಸುವ ಹಾಗೆ. ಅವರು ಜಲ್ಲಾಬಾ ನಿಲುವಂಗಿಯ ಧೂಳು ಕೊಡವಿ, “ಬರ್ತೀನಿ ಮಕ್ಳಾ, ಕೈ ಜೋಪಾನ” ಎಂದು ಹೊರಟುಹೋದರು.

ಅವರು ಸುಮ್ಮನೆ ಕೂತಿರಲಿಲ್ಲ, ಅನ್ವರ್. ನಾವು ಬಿಲ್ಲೆಯ ಬಣ್ಣದ ಮುಖವನ್ನು ನೆಲಕ್ಕೆ ಮಾಡಿ ಜೋಡಿಸುತ್ತೇವೆ. ಮೇಲೆ ಕಾಣುವುದು ಬರೀ ಮಣ್ಣಿನ ಬೆನ್ನು. ಗಾರೆ ಸುರಿದು, ಒಣಗಿಸಿ, ಎತ್ತಿ ನಿಲ್ಲಿಸಿದ ಮೇಲೆ ತಪ್ಪು ಕಂಡರೆ ಏನು ಪ್ರಯೋಜನ? ಒಂದೊಂದು ಬಣ್ಣಕ್ಕೆ ಒಂದೊಂದು ಬುಟ್ಟಿ; ಯಾರ ಕೈ ಯಾವ ಬುಟ್ಟಿಗೆ ಹೋಗುತ್ತದೆ ಎಂದು ಅಲ್ಲಾಲರು ನೋಡುತ್ತಿದ್ದರು. ಅವರು “ಸುರೀರಿ” ಎನ್ನದೆ ಒಂದು ಹಿಡಿ ಗಾರೆಯೂ ಬೀಳುತ್ತಿರಲಿಲ್ಲ.

ಅವರು ಹೋದ ಮೇಲೆ ಜೋಡಿಸುವವರಿಗೆಲ್ಲ ಅನುಮಾನ ಹತ್ತಿತು. ಇಡುವುದು, ತೆಗೆಯುವುದು, ಮತ್ತೆ ಇಡುವುದು. ನೀನು ಅದನ್ನು ಸೋಮಾರಿತನ ಎಂದೆ. ಬೆಳಿಗ್ಗೆ ಸಾಲಾಗಿ ನಿಲ್ಲಿಸಿ ಚಪ್ಪಾಳೆ ಹೊಡೆಸಿದೆ. “ಜೋರಾಗಿ! ರಕ್ತ ಬಿಸಿಯಾಗ್ಬೇಕು!” ಆಗ ಜೋಡಿಸುವವರಲ್ಲೊಬ್ಬನಾದ ಬಶೀರ್, “ಸೀ ಅನ್ವರ್, ಮದುವೆಮನೆ ಚಪ್ಪಾಳೆ ಆಯ್ತು, ಮದುಮಗಳು ಎಲ್ಲಿ?” ಎಂದ. ಎಷ್ಟೋ ವಾರಗಳ ಮೇಲೆ ಎಲ್ಲರೂ ನಕ್ಕೆವು. ಆ ನಗುವನ್ನು ನೀನು ಮರೆಯಲಿಲ್ಲ.

ಹೋಟೆಲಿನವರು ತಮ್ಮ ಗೋಡೆಗೆಂದು ಮಾಡಿಸುತ್ತಿದ್ದ ಬಿಲ್ಲೆಯ ಫಲಕ ಮುಗಿಯುವ ದಿನ ಫೋಟೋದವನನ್ನು ಕರೆತಂದೆ. “ನಾಯಕ ಅಂದ್ರೆ ಕೆಲಸಗಾರರ ಜೊತೆ ನೆಲಕ್ಕೆ ಕೂರ್ಬೇಕು” ಎಂದು ಬಶೀರನನ್ನು ಎಬ್ಬಿಸಿ, ಅವನ ಕುರಿಚರ್ಮದ ಮೇಲೆ ಕೂತೆ. ನಡುವಿನ ನಕ್ಷತ್ರಕ್ಕೆ ಕೊನೆಯ ಬಿಳಿ ದಳ ಬೇಕಿತ್ತು. ನಿನ್ನ ಕಣ್ಣು ಕ್ಯಾಮೆರಾದಲ್ಲಿತ್ತು, ಕೈ ಕರಿ ಬಿಲ್ಲೆಯ ಬುಟ್ಟಿಯಲ್ಲಿತ್ತು.

ನಾನು ನೋಡಿದೆ. ‘ಸೀ ಅನ್ವರ್, ತಡೀರಿ’ ಎಂದಿದ್ದರೆ ಸಾಕಿತ್ತು. ಎನ್ನಲಿಲ್ಲ. ಆ ಮಾತು ಹೇಳುವುದು ಅಲ್ಲಾಲರ ಕೆಲಸ. ಆ ಕೆಲಸಕ್ಕೆ ಸಂಬಳ ದಂಡ ಎಂದವನು ನೀನೇ. “ಸುರೀರಿ” ಎಂದವನೂ ನೀನೇ.

ಬುಧವಾರ ಹೋಟೆಲಿನ ಯಜಮಾನನ ಎದುರಿಗೇ ಫಲಕ ಎತ್ತಿದೆವು. ಬಿಳಿ ನಕ್ಷತ್ರದಲ್ಲಿ ಒಂದೇ ಒಂದು ಕರಿ ದಳ. “ಏನಯ್ಯಾ, ನಿನ್ನ ನಕ್ಷತ್ರಕ್ಕೆ ಹಲ್ಲು ಹುಳುಕಾಗಿದೆ!” ಎಂದು ನಗುತ್ತಾ ಆತ ಹೊರಟೇಬಿಟ್ಟ. ನೀನು ತಿರುಗಿ ಬಶೀರನ ಕತ್ತುಪಟ್ಟಿ ಹಿಡಿದೆ. “ಇದು ಇವನದೇ ಕೆಲಸ. ಶನಿವಾರದಿಂದ ಬರಬೇಡ ಕಣೋ!”

ನಿನ್ನ ಮುಖ ಕಪ್ಪಿಟ್ಟಿದ್ದು ನೋಡಿ ನನಗೆ ಖುಷಿಯಾಯಿತು. ಆ ಖುಷಿ ಸಂಜೆವರೆಗೂ ಉಳಿಯಲಿಲ್ಲ. ಬಶೀರ್ ಮೆಟ್ಟಿಲ ಮೇಲೆ ಕೂತು ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. “ನನ್ನ ಕೈಯೇ ನಂಗೆ ಮೋಸ ಮಾಡ್ತೇನೋ, ಹಮ್ಮಾದಿ?” ನಾನು ಹೊಡೆದದ್ದು ನಿನಗೆ. ಪೆಟ್ಟು ಬಿದ್ದದ್ದು ಅವನಿಗೆ.

ಅದಕ್ಕೇ ಬಾಗಿಲ ಮೇಲೆ ನೀನೇ ತೂಗುಹಾಕಿದ್ದ ಆ ದಿನದ ಫೋಟೋ ಈಗ ಅಲ್ಲಿಲ್ಲ. ಈ ಕಾಗದದ ನಕಲಿನ ಜೊತೆ ಅದು ಬೆಳಿಗ್ಗೆಯೇ ಹಾಜಿಯವರ ಕೈ ಸೇರಿದೆ. ಕುರ್ಚಿ ಏರುವ ಮುಂಚೆ ಅವರೂ ನಲವತ್ತು ವರ್ಷ ನೆಲದಲ್ಲಿ ಕೂತು ಬಿಲ್ಲೆ ಜೋಡಿಸಿದವರು. ಅವರು ನಿನ್ನ ನಗುಮುಖ ನೋಡುವುದಿಲ್ಲ, ನಿನ್ನ ಕೈ ನೋಡುತ್ತಾರೆ.

ಈಗ ನಿನ್ನ ಚೀಟಿಗೆ ಉತ್ತರ. ಬಶೀರ್ ಅವನ ಜಾಗದಲ್ಲಿ ಕೂರಬೇಕು. ನೀನು ನಡೆದುಕೊಂಡು ಹೋಗಿ, ಅಲ್ಲಾಲರ ಬಾಗಿಲು ತಟ್ಟಿ, ತಲೆ ತಗ್ಗಿಸಿ ಕರೆಯಬೇಕು. ಬೇರೆಯವರನ್ನು ಕಳಿಸಿದರೆ ಅವರು ಬರುವುದಿಲ್ಲ. ಅವರು ಬಂದು ಕೂರಲಿ, ಆಮೇಲೆ ನಮ್ಮ ಕೈ ಓಡುವುದನ್ನು ನೋಡು. ನನ್ನನ್ನು ಓಡಿಸುವುದಾದರೆ ಓಡಿಸು. ಬಾಯಿ ಮುಚ್ಚಿಕೊಂಡಿದ್ದೆ, ನಿಜ. ಬಶೀರನ ಕಾಲು ಹಿಡಿಯುತ್ತೇನೆ. ನಿನ್ನ ಕಾಲನ್ನಲ್ಲ.

ಅಲ್ಲಾಹ್ ನಿನಗೆ ದೀರ್ಘಾಯುಷ್ಯ ಕೊಡಲಿ. ಪ್ರತಿ ಶುಕ್ರವಾರ ಮಾವನ ಎದುರಿಗೇ ಕೂತು, ಒಂದೇ ತಟ್ಟೆಯಿಂದ ಕುಸ್ಕುಸ್ ತಿನ್ನುವ ಭಾಗ್ಯವನ್ನೂ ಕೊಡಲಿ.

ಹಮ್ಮಾದಿ