ಅಪ್ಪ ನುಂಗಿದ ಟೈ ಪಿನ್ನು

ಅಂಗಡಿಯ ಮೇಲಿನ ಮನೆ
ಹನ್ನೊಂದನೇ ತಾರೀಖು, ಮಂಗಳವಾರ

ನನ್ನ ಮುದ್ದು ಮಗಳೇ,

ಹೇಗಿದ್ದೀಯ? ನೆಗಡಿ ಹೋಯಿತಾ? ಕೆಲಸ ಕೆಲಸ ಅಂತ ಊಟ ಬಿಡಬೇಡ. ನಾನು ಗುಂಡುಕಲ್ಲಿನ ಹಾಗಿದ್ದೀನಿ. ನಿಮ್ಮಪ್ಪನ ಸುದ್ದಿ ಹೇಳ್ತೀನಿ, ಮೊದಲು ಕೂತ್ಕೋ. ಈಗ ಮನೆಯಲ್ಲೇ ಇದ್ದಾರೆ, ಅದನ್ನ ತಲೆಯಲ್ಲಿಟ್ಟುಕೊಂಡೇ ಮುಂದೆ ಓದು.

ನೀನು ಕಳಿಸಿದ ಮುತ್ತಿನ ಟೈ ಪಿನ್ನು ಬಂದಾಗಿನಿಂದ ಈ ಮನುಷ್ಯನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಕೋಟಿನ ಅಳತೆ ಕೊಡೋಕೆ ಬಂದವರಿಗೆಲ್ಲ ಎದೆಯುಬ್ಬಿಸಿ ತೋರಿಸಿದ್ದೇ ತೋರಿಸಿದ್ದು. ನಿನ್ನೆ ಬೆಳಿಗ್ಗೆ ಕನ್ನಡಿ ಮುಂದೆ ಟೈ ಕಟ್ಟಿಕೊಳ್ಳುವಾಗ ಆ ಪಿನ್ನನ್ನು ತುಟಿಯಲ್ಲಿ ಕಚ್ಚಿಕೊಂಡಿದ್ದರು. ಮೀಸೆ ಚಿಗುರುವ ಮೊದಲಿಂದ ಗುಂಡುಸೂಜಿ ತುಟಿಯಲ್ಲಿಟ್ಟುಕೊಂಡೇ ಕೆಲಸ ಮಾಡಿದ ಟೈಲರ್ ಅಲ್ಲವೇ, ಅದೇ ಅಭ್ಯಾಸ. ಬಾಯಿಂದ ತೆಗೀರಿ ಅಂತ ನಾನು ಬಡ್ಕೊಂಡೆ. "ಸೂಜಿ ನನ್ನ ಮಾತು ಕೇಳುತ್ತೆ ಕಣೇ, ಕೇಳದೇ ಇರೋಳು ನೀನು" ಅಂತ ಹೇಳೋಕೆ ಬಾಯಿ ತೆರೆದರು ನೋಡು, ಮಾತು ಮುಗಿಯೋ ಮೊದಲೇ ಪಿನ್ನು ಒಳಗೆ ಇಳಿದುಹೋಯಿತು.

ಅವರು ಕನ್ನಡಿಯನ್ನೇ ನೋಡುತ್ತಾ ನಿಂತುಬಿಟ್ಟರು, ಅರ್ಧ ಕಟ್ಟಿದ ಟೈ ಹಾಗೇ ನೇತಾಡ್ತಿತ್ತು. ಎದುರುಮನೆ ಡ್ರೈವರ್ ಅಣ್ಣ ಕಾರು ತೆಗೆದು ಆಸ್ಪತ್ರೆಗೆ ಮುಟ್ಟಿಸಿದರು. ಡಾಕ್ಟರು ಗಂಟಲಿಂದ ಹೊಟ್ಟೆವರೆಗೆ ಎಕ್ಸ್-ರೇ ತೆಗೆಸಿ ನನಗೂ ತೋರಿಸಿದರು. ಹೊಟ್ಟೆಯೊಳಗೆ ಪಿನ್ನು ನೆಟ್ಟಗೆ ನಿಂತಿದೆ, ಚೂಪು ತುದಿ ಮೇಲೆ! ಎಲ್ಲಿ ಚುಚ್ಚಿದರೂ ಜೀವಕ್ಕೇ ಅಪಾಯ ಅಂದರು. ಕೊನೆಗೆ ಮತ್ತು ಬರೋ ಔಷಧಿ ಕೊಟ್ಟು, ಬಾಯಿಂದ ಕೊಳವೆ ಇಳಿಸಿ ಪಿನ್ನನ್ನು ಹಿಡಿದೆಳೆದರು. ಎಚ್ಚರವಾದ ಕೂಡಲೇ ನಿಮ್ಮಪ್ಪ ಕೇಳಿದ್ದೇನು ಗೊತ್ತಾ? "ಮುತ್ತು ಸರಿಯಾಗಿದೆಯಾ?" ನಾನು ಅಲ್ಲೇ ನರ್ಸ್ ಎದುರಿಗೇ ಬೈದೆ, ಆಮೇಲೆ ಅತ್ತುಬಿಟ್ಟೆ.

ನನ್ನ ಉಡುಗೊರೆಯಿಂದ ಹೀಗಾಯಿತಲ್ಲ ಅಂತ ಕೊರಗಬೇಡ. ಅವಸರದಲ್ಲಿ ಬರೀತಿದ್ದೀನಿ, ಅಕ್ಷರ ಸೊಟ್ಟಗಿದ್ದರೆ ನಗಬೇಡ. ನಮ್ಮಿಬ್ಬರ ಕೈ ನಿನ್ನ ತಲೆ ಮೇಲಿದೆ, ಚೆನ್ನಾಗಿರು.

ನಿನ್ನ
ಅಮ್ಮ

ವಿ.ಸೂ.: ನಿಮ್ಮಪ್ಪ ಇಷ್ಟು ಹೊತ್ತು ಪಕ್ಕದಲ್ಲೇ ಕೂತು ನಾನು ಬರೆಯೋದನ್ನೆಲ್ಲ ಓದ್ತಿದ್ದರು, ಈಗ ಕೆಳಗೆ ಅಂಗಡಿಗೆ ಇಳಿದರು. ಪಿನ್ನು ಹುಡುಕೋಕೆ ತೆಗೆದ ಎಕ್ಸ್-ರೇಯಲ್ಲಿ ಡಾಕ್ಟರಿಗೆ ಶ್ವಾಸಕೋಶದಲ್ಲಿ ಒಂದು ಗಡ್ಡೆ ಕಂಡಿದೆ. ಇನ್ನೂ ಚಿಕ್ಕದಂತೆ. ಪಿನ್ನು ನುಂಗದೇ ಇದ್ದಿದ್ದರೆ ಗೊತ್ತಾಗೋ ಹೊತ್ತಿಗೆ ಕೈಮೀರಿ ಹೋಗ್ತಿತ್ತಂತೆ. ಬೇಗ ಆಪರೇಷನ್ ಆಗಬೇಕು. ಅವರಿಗೆ ಇನ್ನೂ ಗೊತ್ತಿಲ್ಲ, ನಾನೇ ಹೇಳ್ತೀನಿ ಅಂತ ಡಾಕ್ಟರಿಗೆ ಮಾತು ಕೊಟ್ಟು ಬಂದೆ, ಬಾಯಿ ಬರ್ತಿಲ್ಲ. ನೀನು ಬಾ ಮಗಳೇ, ಇಬ್ಬರೂ ಸೇರಿ ಹೇಳೋಣ.