ಟ್ವೆರಿನ ಸಂತೆಯಲ್ಲಿ ಸಿಕ್ಕ ಮುಚ್ಚಳ

ಟ್ವೆರ್, ರಷ್ಯಾ
ಭಾನುವಾರ, 18 ಫೆಬ್ರವರಿ 2001

ಮಿರ್ಲೆಯಲ್ಲಿರುವ ತೀರ್ಥರೂಪ ಸಮಾನರಾದ ಅಣ್ಣ ಮಂಟಯ್ಯನವರ ಪಾದಗಳಿಗೆ ತಮ್ಮ ಧರ್ಮೇಂದ್ರ ಮಾಡುವ ನಮಸ್ಕಾರಗಳು.

ಈ ಮೂಲಕ ಮಿರ್ಲೆ, ಸಾಲಿಗ್ರಾಮ ಹಾಗೂ ಇಡೀ ಕೃಷ್ಣರಾಜನಗರ ತಾಲ್ಲೂಕಿನ ಸಮಸ್ತ ಮಹಾಜನತೆಗೆ ಹರ್ಷದಿಂದ ಪ್ರಕಟಿಸುವುದೇನೆಂದರೆ, ಕೆಟಲಿಗೆ ಮುಚ್ಚಳ ಸಿಕ್ಕಿದೆ. ಬೇಕಾದರೆ ತಮಟೆ ಹೊಡೆಸಿ ಸಾರಿಸಬಹುದು. ಪಂಚಾಯ್ತಿ ಆಫೀಸಿನ ಬೋರ್ಡಿನಲ್ಲಿ ಜಾಗವಿದ್ದರೆ ಸೀಮೆಸುಣ್ಣದಲ್ಲಿ ಬರೆಸಿದರೂ ನನ್ನ ಅಭ್ಯಂತರವಿಲ್ಲ.

ಇಲ್ಲಿಗೆ ಮರ್ಯಾದೆ ಮುಗಿಯಿತು. ಇನ್ನು ನೀನು ನನಗೆ ‘ನೀನು’.

ಕಾಗದ ತಡವಾಯಿತು, ಬೈಯಬೇಡ. ನಿನ್ನದು ಸಂಕ್ರಾಂತಿ ಕಳೆದು ವಾರಕ್ಕೇ ಬಂದಿತ್ತು. ಉತ್ತರ ಬರೆಯಲು ಕೂತಾಗಲೆಲ್ಲ ಈ ಚಳಿಗೆ ಪೆನ್ನಿನ ಇಂಕು ಹೆಪ್ಪುಗಟ್ಟುತ್ತಿತ್ತು. ಇದನ್ನು ನೀನು ನಂಬುತ್ತೀಯ ಎಂದುಕೊಂಡಿದ್ದೇನೆ. ನಂಬದಿದ್ದರೂ ನಂಬಿದವನ ಹಾಗೆ ಇರು.

ನೀನು ಊರಿನಲ್ಲಿ ‘ನನ್ ತಮ್ಮ ರಷ್ಯಾದ ಮೆಡಿಕಲ್ ಕಾಲೇಜ್‌ನಾಗವ್ನೆ’ ಎಂದು ಹೇಳಿಕೊಂಡು ತಿರುಗುತ್ತೀಯಂತೆ. ಸುಳ್ಳೇನಲ್ಲ. ಇದ್ದೇನೆ, ಅಡುಗೆಮನೆಯಲ್ಲಿ. ನಮ್ಮ ದೇಶದ ಹುಡುಗರು ಇಲ್ಲಿ ಹೆಣ ಕೊಯ್ಯುವುದನ್ನು ಕಲಿತು ಹಾಸ್ಟೆಲಿಗೆ ಬಂದರೆ, ಅವರಿಗೆ ಅನ್ನ ಸಾರು ಬಡಿಸಿ ಮತ್ತೆ ಮನುಷ್ಯರನ್ನಾಗಿ ಮಾಡುವುದು ನನ್ನ ಕೆಲಸ. ನನಗೆ ಜೊತೆ ನಮ್ಮ ಎಚ್.ಡಿ. ಕೋಟೆ ಕಡೆಯ ರಮೇಶ. ಅವನು ಚಪಾತಿ ಇಲಾಖೆ, ನಾನು ಸಾರು ಇಲಾಖೆ. ಭಾನುವಾರ ಮಧ್ಯಾಹ್ನ ಎರಡೂ ಇಲಾಖೆಗಳಿಗೆ ರಜೆ. ಅವನು ನಿದ್ದೆ ಮಾಡುತ್ತಾನೆ, ನಾನು ಟ್ರಾಮು ಹತ್ತಿ ಸಂತೆಗೆ ಹೋಗುತ್ತೇನೆ.

ಸಂತೆ ಎಂದರೆ ಕೆ.ಆರ್. ನಗರದ ಸಂತೆ ನೆನೆಸಿಕೊಳ್ಳಬೇಡ. ಇಲ್ಲಿ ಯಾರೂ ಕೂಗುವುದಿಲ್ಲ. ಟ್ರಾಮಿನ ಕೊನೆಯ ಸ್ಟಾಪಿನಲ್ಲಿ ಹಿಮದ ಮೇಲೆ ಪೇಪರು ಹಾಸಿ, ಅಜ್ಜಿಯರು ತಮ್ಮ ತಮ್ಮ ಮನೆಯನ್ನೇ ಬಿಚ್ಚಿಟ್ಟುಕೊಂಡು ನಿಂತಿರುತ್ತಾರೆ. ಒಬ್ಬಳ ಮುಂದೆ ನಾಲ್ಕು ಚಮಚ ಮತ್ತು ಗಂಡನ ಕನ್ನಡಕ. ಇನ್ನೊಬ್ಬಳ ಮುಂದೆ ಹೇನು ತೆಗೆಯುವ ಒಂದು ಸೀರಣಿಗೆ, ಒಂದು ಇಸ್ತ್ರಿಪೆಟ್ಟಿಗೆ. ಅವರು ಯಾರನ್ನೂ ಕರೆಯುವುದಿಲ್ಲ, ಸುಮ್ಮನೆ ನಿನ್ನ ಬೂಟು ನೋಡುತ್ತಾರೆ. ಹಾಗೆ ನೋಡಿಸಿಕೊಂಡ ಮೇಲೆ ಬರಿಗೈಯಲ್ಲಿ ವಾಪಸು ಬರುವ ಗಂಡು ಮಿರ್ಲೆಯಲ್ಲಂತೂ ಹುಟ್ಟಿಲ್ಲ.

ಹೀಗಾಗಿ ನನ್ನ ಮಂಚದ ಕೆಳಗೆ ಒಂದು ವಸ್ತುಸಂಗ್ರಹಾಲಯ ಸ್ಥಾಪನೆಯಾಗಿದೆ. ಬೀಗವಿಲ್ಲದ ಕೀಲಿಕೈಗಳು, ರಾಕೆಟ್ ಚಿತ್ರದ ಬ್ಯಾಡ್ಜುಗಳು, ಬೆಕ್ಕಿನ ಮುಖದ ತಗಡಿನ ಡಬ್ಬಿ, ಟೀ ಲೋಟ ಕೂರಿಸುವ ಕಂಚಿನ ಹಿಡಿಕೆ, ಯಾವುದೋ ಕಾರ್ಖಾನೆಯವರು ಯಾರಿಗೋ ಕೊಟ್ಟ ‘ಉತ್ತಮ ಕೆಲಸಗಾರ’ ಪದಕ. ಈ ಪದಕವನ್ನು ಏಪ್ರನ್ನಿಗೆ ಸಿಕ್ಕಿಸಿಕೊಂಡು ಒಂದು ದಿನ ಬಡಿಸಿದೆ. ಹುಡುಗರು ಎದ್ದುನಿಂತು ಸೆಲ್ಯೂಟ್ ಹೊಡೆದರು. ಸಾರಿಗೆ ಉಪ್ಪು ಕಡಿಮೆ ಎಂದು ಆ ಹೊತ್ತು ಯಾರೂ ಹೇಳಲಿಲ್ಲ.

ರಮೇಶನಿಗೆ ಮಾತ್ರ ಈ ಸಂಗ್ರಹಾಲಯದ ಮೇಲೆ ಗೌರವವಿಲ್ಲ.

“ಏನ್ ಗುರುವೇ, ಇವತ್ತೂ ಕಸ ಒತ್ಕೊಂಡ್ ಬಂದ್ಯಾ?”

“ಕಸ ಅಲ್ಲ ಕಣ್ಲಾ, ಹಳೇ ಕಾಲದ ಸಾಮಾನು.”

“ನಮ್ ಕಡೆ ಆನೆ ತುಳುದ್ ಪಾತ್ರೆಗಳು ಇಂಗೇ ಇರ್ತವೆ. ಬಾ ಒಂದ್ಸಲ, ಗಾಡಿ ತುಂಬ ಕೊಡುಸ್ತೀನಿ. ಪುಕ್ಸಟ್ಟೆ.”

ಇನ್ನು ಕೆಟಲಿನ ವಿಷಯ. ನೀಲಿ ಬಣ್ಣದ್ದು, ಮೈಮೇಲೆ ಬಿಳಿ ಹೂವು, ಹೋದ ವರ್ಷ ಕೊಂಡದ್ದು. ಅವ್ವನಿಗೆಂದೇ ಕೊಂಡೆ. ಅವ್ವನ ಕಾಫಿ ಪಾತ್ರೆಗೆ ಕಿವಿ ಕಿತ್ತುಹೋಗಿ, ಸೆರಗು ಹಿಡಿದು ಒಲೆಯಿಂದ ಇಳಿಸುತ್ತಿದ್ದಳಲ್ಲ. ಈ ಕೆಟಲಿಗೆ ಕಿವಿ ಇತ್ತು, ಮೂಗು ಇತ್ತು, ಮುಚ್ಚಳ ಒಂದಿರಲಿಲ್ಲ. ಇವತ್ತು ಒಬ್ಬಳು ಅಜ್ಜಿಯ ಪೇಪರಿನ ಮೇಲೆ ಅದೇ ನೀಲಿಯ ಮುಚ್ಚಳವೊಂದು ಒಂಟಿಯಾಗಿ ಕೂತಿತ್ತು. ಕೆಟಲ್ ಎಲ್ಲಿ ಎಂದು ಕೈಯಲ್ಲೇ ಕೇಳಿದೆ. ಅಜ್ಜಿ ಬಹಳ ಹೊತ್ತು ಏನೇನೋ ಹೇಳಿದಳು. ಅದರಲ್ಲಿ ನನಗೆ ಅರ್ಥವಾದದ್ದು ‘ಇಲ್ಲ’ ಎನ್ನುವುದೊಂದೇ. ನನಗೆ ಬರುವ ರಷ್ಯನ್ ಭಾಷೆಯಲ್ಲಿ ತರಕಾರಿಗಳಿವೆ, ಬೈಗುಳಗಳಿವೆ, ಮಿಕ್ಕದ್ದೇನೂ ಇಲ್ಲ.

ಆಮೇಲೆ ಅಜ್ಜಿ ಮುಚ್ಚಳವನ್ನು ಕೋಟಿಗೆ ಉಜ್ಜಿ, ಯಾರಿಗೆ ಇದು, ತಾಯಿಗಾ, ತಾಯಿ ಇದ್ದಾಳಾ ಎಂದು ಕೇಳಿದಳು. ಇದು ಹೇಗೋ ಅರ್ಥವಾಯಿತು. ಉತ್ತರಕ್ಕೆ ತಡಕಾಡಿ ‘ಮಿರ್ಲೆ’ ಎಂದೆ. ಅಜ್ಜಿ ಅದೊಂದು ಉತ್ತರವೆಂಬಂತೆ ತಲೆಯಾಡಿಸಿ, ಮುಚ್ಚಳದ ಜೊತೆ ಉಪ್ಪುನೀರಿನಲ್ಲಿ ನೆನೆಸಿದ ಒಂದು ಸೌತೆಕಾಯಿಯನ್ನೂ ಕೈಗಿಟ್ಟಳು.

ರೂಮಿಗೆ ತಂದು ಕೂರಿಸಿ ನೋಡಿದರೆ ಮುಚ್ಚಳ ಅರ್ಧ ಬೆರಳು ದೊಡ್ಡದು. ಮೈಸೂರು ಪೇಟ ತೊಡಿಸಿದ ಮಗುವಿನ ಹಾಗೆ ಕೆಟಲು ಕಣ್ಣು ಮುಚ್ಚಿಕೊಂಡು ಕೂತಿದೆ. “ಕೂರಕಿಲ್ಲ ಬುಡು, ಸುತ್ಗೆ ತಕಂಡ್ ಒಂದ್ ಏಟ್ ಕೊಡ್ಲಾ?” ಎಂದ ರಮೇಶ. ಅವನ ಕೈಗೆ ಸುತ್ತಿಗೆ ಸಿಗದಂತೆ ನೋಡಿಕೊಂಡಿದ್ದೇನೆ.

ಊರಿಗೆ ಬರುವ ವಿಷಯ ಕೇಳಿದ್ದೀಯ. ದಸರೆಯಲ್ಲಿ ಅವ್ವ ಹಾಸಿಗೆ ಹಿಡಿದಳೆಂದು ನೀನು ಬರೆದ ದಿನದಿಂದ, ಒಂದು ಸಲ ನೋಡಿಕೊಂಡು ಬರುತ್ತೇನೆ ಎಂದು ಮೆಸ್ಸಿನ ಯಜಮಾನನನ್ನು ಕೇಳುತ್ತಲೇ ಇದ್ದೇನೆ. ಪಾಸ್‌ಪೋರ್ಟು ಅವನ ಬೀರುವಿನಲ್ಲಿದೆ. ಸಾರು ಕಾಯಿಸಲು ಬದಲಿ ಆಳು ಬರುವವರೆಗೂ ಬೀರು ತೆಗೆಯುವುದಿಲ್ಲ. ಪ್ರತಿ ಸಲವೂ ‘ದೇಖೇಂಗೆ’ ಎನ್ನುತ್ತಾನೆ. ದೇಖೇಂಗೆ ಎಂದರೆ ನೋಡೋಣ. ದಸರೆಯಿಂದ ನೋಡುತ್ತಿದ್ದಾನೆ, ಕಣ್ಣು ಬಲು ಚೆನ್ನಾಗಿರಬೇಕು. ಒಂದು ದಿನ ಕಾಲು ಹಿಡಿದೆ. ಬೂಟಿಗೆ ಅಂಟಿದ್ದ ಹಿಮ ಕೈಗೆ ಬಂತು, ಪಾಸ್‌ಪೋರ್ಟು ಬರಲಿಲ್ಲ.

ಗೋವಿಂದಯ್ಯನ ಬೂತಿಗೆ ನಾನು ಫೋನು ಮಾಡಿದ್ದು ನೆನಪಿದೆಯಾ? ದೀಪಾವಳಿ ಆದ ಮೇಲೆ ಮಾಡಿದಾಗ ನೀನೇ ಬಂದೆ. ಅವ್ವನನ್ನು ಕರಿ ಎಂದರೆ, “ಅವ್ವಂಗೆ ಮಂಡಿ ನೋವು ಕಣ್ಲಾ, ಬೂತಿನ್ ಮೆಟ್ಲು ಅತ್ತಕ್ಕಾಗಕಿಲ್ಲ” ಎಂದೆ. ಮುಂದಿನ ಸಲ, ಎತ್ತಿಕೊಂಡಾದರೂ ಬಾ ಎಂದೆ ನಾನು. “ಎತ್ಕೊಂಡ್ ಬಂದು ಏನ್ ಮಾಡದು, ಈಗ ಕಿವಿ ಕೇಳಕಿಲ್ವಲ್ಲ” ಎಂದೆ ನೀನು. ಹೊಸ ವರ್ಷದ ದಿನ ಮಾಡಿದಾಗ, “ಯಶೋದಮ್ಮ ಚಿಕ್ಕವ್ವನ ಮನೇಗೆ ಗುರುಪುರಕ್ಕೋಗವ್ಳೆ, ಬರದು ತಡ ಆಯ್ತದೆ” ಎಂದೆ. ಬೂತಿನ ಮೂರು ಮೆಟ್ಟಿಲು ಹತ್ತಲಾರದ ಮಂಡಿ ಹುಣಸೂರಿನಲ್ಲಿ ಬಸ್ಸು ಬದಲಿಸಿ ಗುರುಪುರ ತಲುಪಿದ್ದು ಹೇಗೆ ಎಂದು ಕೇಳುವಷ್ಟರಲ್ಲಿ ಗೋವಿಂದಯ್ಯ ಫೋನು ಕಿತ್ತುಕೊಂಡು, “ಧರ್ಮ, ಅಲ್ಲಿ ಐಸು ಬೀಳ್ತದಂತಲ್ಲಪ್ಪ, ಮನೆ ಒಳುಕ್ಕೂ ಬೀಳ್ತದಾ?” ಎಂದು ವಿಚಾರಿಸಿದ. ಬೀಳುವುದಿಲ್ಲ ಎಂದು ಅವನಿಗೆ ಹೇಳು. ಆ ದಿನ ಸರಿಯಾಗಿ ಉತ್ತರ ಕೊಡಲಿಲ್ಲ.

ಆಮೇಲೆ ನಾನು ಫೋನು ಮಾಡಿಲ್ಲ. ಇನ್ನೊಂದು ಸಲ ಮಾಡಿದರೆ ಅವ್ವನನ್ನು ಪಾಪ ನೀನು ಇನ್ನೆಲ್ಲಿಗೆ ಕಳಿಸಬೇಕು?

ರಾಮಮ್ಮತ್ತಿಗೆಗೆ ನಮಸ್ಕಾರ. ಕಟ್ಟೆಮಳಲವಾಡಿಯಲ್ಲಿ ನನಗೆ ನೋಡಿರುವ ಆ ಹೆಣ್ಣಿನ ಕಡೆಯವರಿಗೆ ನನ್ನ ಮುಚ್ಚಳದ ಸಂಗತಿ ಹೇಳಬೇಡಿರೆಂದು ಅವರಿಗೆ ತಿಳಿಸು, ಹುಡುಗನಿಗೆ ತಲೆ ಕೆಟ್ಟಿದೆ ಎಂದುಕೊಂಡಾರು. ಮಗಳು ಮೀನಾಗೆ ನನ್ನ ಆಶೀರ್ವಾದ. ಅವಳು ಚೆನ್ನಾಗಿ ಓದಲಿ, ಚೆನ್ನಾಗಿ ಓಡಲಿ, ನೂರು ಕಾಲ ಬಾಳಲಿ. ಬೆಕ್ಕಿನ ಡಬ್ಬಿ ಅವಳಿಗೇ. ನೀನು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಕಾವಿನಲ್ಲಿ ಕೂತು ಕೆಮ್ಮುವುದನ್ನು ಕಡಿಮೆ ಮಾಡು.

ಇತಿ ನಿನ್ನ ತಮ್ಮ,
ಧರ್ಮೇಂದ್ರ

ವಿ.ಸೂ.: ಕಾಗದದ ಜೊತೆ ನೀನು ಕಳಿಸಿದ ಫೋಟೊದ ಬಗ್ಗೆ ಮೇಲೆ ನಾನು ಏನೂ ಬರೆಯಲಿಲ್ಲ. ಮೀನಾ ಸ್ಕೂಲಿನ ಓಟದಲ್ಲಿ ಗೆದ್ದ ಸ್ಟೀಲು ಲೋಟ ಹಿಡಿದಿದ್ದಾಳೆ, ಪಕ್ಕದಲ್ಲಿ ನೀನು ಮಂಕಿಟೋಪಿ ಹಾಕಿಕೊಂಡು ನಿಂತಿದ್ದೀಯ. ನಂಜನಗೂಡಿನಲ್ಲಿ ಮುಡಿ ಕೊಟ್ಟೆ ಎಂದು ನೀನು ಬರೆದಿದ್ದೆ. ಟೋಪಿ ಸರಿ ಅಣ್ಣ, ಮೀಸೆ ಎಲ್ಲಿ? ನಮ್ಮ ಮನೆಯ ಗಂಡಸರು ನಂಜುಂಡೇಶ್ವರನಿಗೆ ತಲೆಗೂದಲು ಕೊಡುತ್ತಾರೆ, ಮೀಸೆ ಕೊಡುವುದಿಲ್ಲ. ಮೀಸೆ ತೆಗೆಯುವುದು ಬದುಕಿನಲ್ಲಿ ಎರಡೇ ಸಲ. ಅಪ್ಪ ಹೋದಾಗ ನೀನೂ ನಾನೂ ಹೊಳೆದಂಡೆಯಲ್ಲಿ ಅಕ್ಕಪಕ್ಕ ಕೂತು ತೆಗೆಸಿಕೊಂಡೆವು. ಈ ಸಲ ನೀನು ಒಬ್ಬನೇ ಕೂತಿದ್ದೀಯ.

ಕೋಪವಿಲ್ಲ. ಗೊತ್ತಾದರೆ ಇವನು ಅಲ್ಲಿ ಒದ್ದಾಡುತ್ತಾನೆ, ಬರಲಿಕ್ಕಂತೂ ಆಗುವುದಿಲ್ಲ ಎಂದು ನೀನು ಮುಚ್ಚಿಟ್ಟೆ. ಮೇಲಿನದನ್ನೆಲ್ಲ ನಾನೂ ನಿನ್ನ ಹಾಗೆಯೇ ಮುಚ್ಚಿಟ್ಟು ಬರೆದುಬಿಡೋಣ ಎಂದು ಬರೆದೆ. ಕೊನೆಯವರೆಗೂ ಆಗಲಿಲ್ಲ.

ಫೋಟೊ ಬಂದ ಮಾರನೆಯ ದಿನ ನಾನೇ ಬ್ಲೇಡು ಹಿಡಿದು ಮೀಸೆ ತೆಗೆದೆ. ಹುಡುಗರು “ಭಟ್ರೇ, ಹೀರೋ ಆಗ್‌ಬಿಟ್ರಿ” ಎಂದು ನಕ್ಕರು. ರಮೇಶ ನಗಲಿಲ್ಲ. “ನೀ ಇವತ್ತು ಒಲೆ ತಾವ್ ಬರ್‌ಬ್ಯಾಡ, ಕೂತ್ಕೊ” ಎಂದು ಸೌಟು ಕಿತ್ತುಕೊಂಡ. ಮೂರು ದಿನ ಸಾರು ಅವನೇ ಕಾಯಿಸಿದ, ಸಾವಿನ ಮನೆಯಲ್ಲಿ ಮಾಡುವ ಹಾಗೆ ಒಗ್ಗರಣೆ ಹಾಕದೆ. ಸಾಸಿವೆ ಮುಗಿದಿದೆ ಎಂದು ಎಲ್ಲರಿಗೂ ಸುಳ್ಳು ಹೇಳಿದ. ಪಂಜಾಬಿನವರು, ಬಿಹಾರದವರು, ಕೇರಳದವರು, ಎಲ್ಲರೂ ಗೊಣಗಿಕೊಂಡೇ ಅವ್ವನ ಸೂತಕದ ಊಟ ಮಾಡಿದರು. ಅವ್ವ ನೋಡಿದ್ದರೆ “ಪರರ ಮಕ್ಳಿಗೆ ಉಪ್ಪುಕಾರ ಇಲ್ದಂಗೆ ಉಣ್ಣುಸ್ತೀರಲ್ಲೋ” ಎಂದು ಇಬ್ಬರಿಗೂ ಬೈಯುತ್ತಿದ್ದಳು.

ಒಂದು ಸಣ್ಣ ಉಪಕಾರ ಮಾಡು. ವರ್ಷದ ಎಡೆ ಇಡುವುದಕ್ಕೆ ನನಗೆ ದಿನ ಗೊತ್ತಿಲ್ಲ. ಮಂಡಿ ನೋವು ಎಂದೆಯಲ್ಲ, ಅದಕ್ಕೆ ಮುಂಚೆಯೋ, ಆಮೇಲೋ, ಅದೂ ಗೊತ್ತಿಲ್ಲ. ಹೇಗಾಯಿತು ಎಂದು ಈಗ ಬರೆಯಬೇಡ, ಬಂದಾಗ ಹೇಳುವೆಯಂತೆ. ಬರೆಯಲು ಕೈಯೇ ಬರದಿದ್ದರೆ, ಗೋಡೆಯ ಮೇಲಿನ ಹಳೇ ಕ್ಯಾಲೆಂಡರಿನಿಂದ ಆ ತಿಂಗಳ ಹಾಳೆ ಹರಿದು, ಆ ದಿನಕ್ಕೆ ಒಂದು ಸುತ್ತು ಹಾಕಿ ಕವರಿನಲ್ಲಿಟ್ಟು ಕಳಿಸು.